‘ಹಾರಾಟದ ಸಮಯ 8 ಗಂಟೆ’: ಗಂಟೆಯೋ, ತಾಸೋ?

ಎಲ್ಲರಿಗೂ ನಮಸ್ಕಾರ.

ಎರಡು ಊರುಗಳ ಹೆಸರು ಕೊಟ್ಟರೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಅಂತ ತೋರಿಸುವ ಒಂದು ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸುಲಭದ ಕೆಲಸ ಅಂದುಕೊಂಡಿದ್ದೆ. ಎರಡನೇ ಸಾಲಿಗೇ ಸಿಕ್ಕಿಹಾಕಿಕೊಂಡೆ.

ನಾನು ಬರೆದದ್ದು ಇಷ್ಟೇ: ‘ಲಂಡನ್–ನ್ಯೂಯಾರ್ಕ್, ಹಾರಾಟದ ಸಮಯ 8 ಗಂಟೆ.’ ಓದಿದ ಗೆಳೆಯರು ಕೇಳಿದರು, “ಬೆಳಿಗ್ಗೆ ಎಂಟೋ, ರಾತ್ರಿ ಎಂಟೋ?” ತಮಾಷೆಗೆ ಕೇಳಿದ್ದಲ್ಲ. ‘ಸಮಯ’ ಅಂದರೆ ಹೊರಡುವ ಹೊತ್ತೂ ಹೌದು, ಹಿಡಿಯುವ ಹೊತ್ತೂ ಹೌದು. ‘ಗಂಟೆ’ಯದೂ ಅದೇ ಕಥೆ. ‘ಎಂಟು ಗಂಟೆಗೆ ಬಂದೆ’, ‘ಎಂಟು ಗಂಟೆ ಕಾದೆ’ ಅನ್ನುವಾಗ ಒಂದು ‘ಗೆ’ ಎಲ್ಲವನ್ನೂ ಬಿಡಿಸಿ ಹೇಳುತ್ತದೆ. ಪಟ್ಟಿಯೊಳಗೆ ಆ ‘ಗೆ’ಗೆ ಜಾಗ ಎಲ್ಲಿದೆ?

ಪಕ್ಕದಲ್ಲೇ ಗಡಿಯಾರದ ಹೊತ್ತೂ ಇದ್ದರೆ ಇನ್ನೂ ಗೋಜಲು. ಲಂಡನ್ನಿನಲ್ಲಿ ಬೆಳಿಗ್ಗೆ 11ಕ್ಕೆ ಹೊರಟು 8 ಗಂಟೆ ಹಾರಿದ ವಿಮಾನ ನ್ಯೂಯಾರ್ಕಿನಲ್ಲಿ ಇಳಿದಾಗ ಅಲ್ಲಿನ್ನೂ ಮಧ್ಯಾಹ್ನ 2. ವರ್ಷದಲ್ಲಿ ಹೆಚ್ಚು ದಿನ ಎರಡೂ ಊರಿನ ಗಡಿಯಾರಕ್ಕೆ 5 ಗಂಟೆ ವ್ಯತ್ಯಾಸ. ವಾಪಸ್ ಬರುವಾಗ ಸಂಜೆ 7ಕ್ಕೆ ಹೊರಟರೆ ಇಳಿಯುವುದು ಮರುದಿನ ಬೆಳಿಗ್ಗೆ 7ಕ್ಕೆ. ನೋಡುವವರಿಗೆ 12 ಅನ್ನಿಸುತ್ತದೆ, ಹಾರಿದ್ದು 7. ದೂರ ಎರಡೂ ಕಡೆಗೆ ಸುಮಾರು 5,550 ಕಿ.ಮೀ., ಆದರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ವಾಪಸ್ ಬರುವಾಗ ಹಿಂದಿನಿಂದ ನೂಕುತ್ತದೆ.

‘ಸಮಯ’ ಬಿಟ್ಟು ‘ಅವಧಿ’ ಅಂತ ಹಾಕಿದೆ. ಅರ್ಧ ಗೋಜಲು ಹೋಯಿತು. ಉಳಿದದ್ದು ‘ಗಂಟೆ’. ಉತ್ತರ ಕರ್ನಾಟಕದವರು ಈ ಗಂಟನ್ನು ಎಂದೋ ಬಿಡಿಸಿದ್ದಾರೆ, ಅಲ್ವಾ? ಅವರಿಗೆ ‘ನಾಲ್ಕು ತಾಸಿನ ಹಾದಿ’ ಅಂದರೆ ಅಳತೆ, ಅನುಮಾನವೇ ಇಲ್ಲ. ‘ತಾಸುಗಟ್ಟಲೆ ಕಾದೆ’ ಅನ್ನುವುದನ್ನು ಉಳಿದವರೂ ಕೇಳಿರುತ್ತಾರೆ. ಹಾಗಾಗಿ ‘ಅವಧಿ: 8 ತಾಸು’ ಅಂತ ಬರೆಯಲು ನನಗೆ ಮನಸ್ಸಿದೆ. ‘8 ತಾಸು 15 ನಿಮಿಷ’ ಕಣ್ಣಿಗೆ ಸ್ವಲ್ಪ ಹೊಸದು, ಅಷ್ಟೆ.

‘ಹಾರಾಟ’ದ ಬಗ್ಗೆಯೂ ಒಂದು ಅಳುಕು. ವೇಳಾಪಟ್ಟಿಯ ಲೆಕ್ಕ ಶುರುವಾಗುವುದು ವಿಮಾನ ನಿಂತ ಜಾಗ ಬಿಟ್ಟು ಕದಲಿದಾಗ, ಮುಗಿಯುವುದು ಅಲ್ಲಿ ಹೋಗಿ ನಿಂತಾಗ. ರನ್‌ವೇವರೆಗೆ ತೆವಳಿದ್ದೂ ಅದರಲ್ಲಿ ಸೇರಿದೆ. ‘ಪ್ರಯಾಣ’ ಅಂದರೆ ಮನೆ ಬಾಗಿಲಿನಿಂದ ಲೆಕ್ಕ ಹಾಕುತ್ತಾರೆ. ‘ವಿಮಾನದಲ್ಲಿ ಕಳೆಯುವ ಹೊತ್ತು’ ಸರಿಯಾಗಿದೆ, ಆದರೆ ಪುಟದ ಗುಂಡಿಯ (ಬಟನ್) ಮೇಲೆ ಅಷ್ಟುದ್ದ ಹಿಡಿಯುವುದಿಲ್ಲ.

‘ದೂರ’ವನ್ನು ಹಾಗೇ ಉಳಿಸಿಕೊಂಡಿದ್ದೇನೆ. ‘ಅಂತರ’ ಅಂದರೆ ನನಗೆ ಚುನಾವಣೆಯ ಗೆಲುವೇ ನೆನಪಾಗುತ್ತದೆ.

ಈಗ ನನ್ನ ಪ್ರಶ್ನೆ. ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ಓದುಗರಿಗೆ ‘8 ತಾಸು’ ತಡವರಿಸದೆ ತಿಳಿಯುತ್ತದಾ? ‘ತಾಸು’ ಅನ್ನುವುದನ್ನು ಗಡಿಯಾರದ ಹೊತ್ತಿಗೂ ಬಳಸುವ ಊರು ಯಾವುದಾದರೂ ಇದ್ದರೆ ದಯವಿಟ್ಟು ಈಗಲೇ ಹೇಳಿಬಿಡಿ.