ಆಫೀಸಿಗೆ 6 ಡೆಸ್ಕ್‌ಟಾಪ್: ಸರ್ವಿಸ್, ಅಪ್‌ಗ್ರೇಡ್ ಎರಡೂ ನೋಡಿದರೆ ಯಾವ ಕಂಪನಿ?

ಲೆಕ್ಕದ_ಪುಸ್ತಕ

ಶಿವಮೊಗ್ಗದಲ್ಲಿ ತೆರಿಗೆ, ಲೆಕ್ಕಪತ್ರದ ಆಫೀಸು. 6 ಡೆಸ್ಕ್‌ಟಾಪ್ ಬದಲಾಯಿಸಬೇಕು. ಈಗಿರುವವು ಇಂಟೆಲ್ 4 ಮತ್ತು 6ನೇ ತಲೆಮಾರಿನವು. ವಿಂಡೋಸ್ 11 ಅದಕ್ಕೆ ಒಪ್ಪುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಕೆಲಸ ಏನೂ ಭಾರಿಯಲ್ಲ: ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್, ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್. ಒಂದು ಯಂತ್ರಕ್ಕೆ ಮಾತ್ರ ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಯೋಚನೆಯಿದೆ, ವಿಡಿಯೊ ಎಡಿಟಿಂಗ್‌ಗೆ.

ಡೀಲರ್‌ಗಳನ್ನು ಕೇಳಿದರೆ ಒಬ್ಬರು ಡೆಲ್, ಒಬ್ಬರು ಎಚ್‌ಪಿ, ಒಬ್ಬರು ಲೆನೊವೊ ಅಂತಾರೆ. ಮತ್ತೊಬ್ಬರು "ಅಸೆಂಬಲ್ ಮಾಡಿಸಿ ಸಾರ್, ಅರ್ಧ ತಲೆನೋವು ಕಡಿಮೆ" ಅಂತಾರೆ. ನನಗೆ ಬೇಕಾದ್ದು ಎರಡು. ಕೆಟ್ಟರೆ ಬೇಗ ಯಾರಾದರೂ ಬರಬೇಕು. ಮೂರು ವರ್ಷದ ಮೇಲೆ ರ‍್ಯಾಮ್, ಎಸ್‌ಎಸ್‌ಡಿ, ಕಾರ್ಡ್ ಹಾಕಲು ಜಾಗವಿರಬೇಕು. ಯಾವುದನ್ನು ತೆಗೆದುಕೊಳ್ಳಲಿ?

ಸ್ಕ್ರೂಡ್ರೈವರ್_ಸ್ವಾಮಿ

ಕಂಪನಿ ಹೆಸರಿನಿಂದ ಶುರು ಮಾಡಬೇಡಿ, ಸೀರೀಸ್‌ನಿಂದ ಶುರು ಮಾಡಿ. ಒಂದೇ ಕಂಪನಿಯೊಳಗೆ ಮನೆಯವರ ಸಾಲು ಬೇರೆ, ಆಫೀಸಿನ ಸಾಲು ಬೇರೆ. ಡೆಲ್‌ನ ಇನ್‌ಸ್ಪಿರಾನ್, ಎಚ್‌ಪಿಯ ಪೆವಿಲಿಯನ್, ಲೆನೊವೊದ ಐಡಿಯಾಸೆಂಟರ್ ಇವೆಲ್ಲ ಮನೆಯವು. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊ ಟವರ್, ಲೆನೊವೊ ಥಿಂಕ್‌ಸೆಂಟರ್, ಏಸರ್ ವೆರಿಟಾನ್ ಇವು ಆಫೀಸಿನವು. ಡೆಲ್ 2025ರ ಆರಂಭದಲ್ಲಿ ಹೆಸರೆಲ್ಲ ಬದಲಿಸಿತು, ಆಪ್ಟಿಪ್ಲೆಕ್ಸ್ ಜಾಗಕ್ಕೆ ಈಗ ಡೆಲ್ ಪ್ರೊ. ಡೀಲರ್ ಎರಡು ಹೆಸರಲ್ಲಿ ಯಾವುದು ಹೇಳಿದರೂ ಗಾಬರಿ ಬೇಡ.

ಎರಡನೆಯದು ವಾರಂಟಿ. ಕೊಟೇಶನ್‌ನಲ್ಲಿ 1-1-1 ಅಥವಾ 3-3-3 ಅಂತ ಇರುತ್ತದೆ. ಬಿಡಿಭಾಗ, ಕೂಲಿ, ಜಾಗಕ್ಕೇ ಬಂದು ರಿಪೇರಿ, ಈ ಮೂರಕ್ಕೂ ಎಷ್ಟೆಷ್ಟು ವರ್ಷ ಎಂಬ ಲೆಕ್ಕ ಅದು. ಅದೇ ಮಾಡೆಲ್ ಎರಡು ದರದಲ್ಲಿ ಕಂಡರೆ ವ್ಯತ್ಯಾಸ ಸಾಮಾನ್ಯವಾಗಿ ಇಲ್ಲೇ ಅಡಗಿರುತ್ತದೆ. ನಿಮಗೆ 3-3-3 ಬೇಕು. ಮೊದಲು 1-1-1 ತಗೊಂಡು ಆಮೇಲೆ ಬೆಳೆಸುವುದಾದರೆ ಮೂಲ ವಾರಂಟಿ ಮುಗಿಯುವುದರೊಳಗೆ ಮಾಡಿಸಿ.

"ನೆಕ್ಸ್ಟ್ ಬಿಸಿನೆಸ್ ಡೇ" ಎಂದರೆ ನಾಳೆಯೇ ಯಂತ್ರ ಸರಿಹೋಗುತ್ತದೆ ಎಂದಲ್ಲ. ಮೊದಲು ಫೋನಿನಲ್ಲಿ ತಪಾಸಣೆ, ಯಾವ ಭಾಗ ಹೋಗಿದೆ ಎಂಬ ತೀರ್ಮಾನ, ಆಮೇಲೆ ಭಾಗ ರವಾನೆ, ಆಮೇಲೆ ಎಂಜಿನಿಯರ್. ಎಣಿಕೆ ಶುರುವಾಗುವುದು ಆ ತೀರ್ಮಾನದ ನಂತರ. ಜಿಲ್ಲಾ ಕೇಂದ್ರಗಳಲ್ಲಿ ಬರುವವರು ಹೆಚ್ಚಾಗಿ ಕಂಪನಿಯ ನೌಕರರಲ್ಲ, ಗುತ್ತಿಗೆಯ ಸರ್ವಿಸ್ ಪಾರ್ಟ್‌ನರ್ ಕಡೆಯವರು. ಹಾಗಾಗಿ ಕೊಳ್ಳುವ ಮೊದಲೇ ಮೂರೂ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ. ಜಾಗಕ್ಕೇ ಬರ್ತೀರಾ, ಪಾರ್ಟ್‌ನರ್ ಊರಲ್ಲೇ ಇದ್ದಾರಾ, ಈ ಎರಡು ಕೇಳಿ. ಡೀಲರ್ ಬಾಯಿಮಾತು ಇಲ್ಲಿ ಲೆಕ್ಕಕ್ಕಿಲ್ಲ.

ಫೋನ್ ತಪಾಸಣೆ ಅರ್ಧ ಗಂಟೆ ಎಳೆಯದಿರಲು ಒಂದು ಉಪಾಯ. ಕರೆ ಮಾಡುವ ಮೊದಲೇ ಯಂತ್ರದ ಒಳಗಿನ ಪರೀಕ್ಷೆ ಓಡಿಸಿ. ಡೆಲ್‌ನಲ್ಲಿ ಆನ್ ಮಾಡುತ್ತ ಎಫ್12 ಒತ್ತಿ ಡಯಾಗ್ನಾಸ್ಟಿಕ್ಸ್ ಆಯ್ದುಕೊಳ್ಳಿ, ಎಚ್‌ಪಿಯಲ್ಲಿ ಎಫ್2. ಬರುವ ಎರರ್ ಕೋಡ್ ಬರೆದಿಟ್ಟು ಓದಿ ಹೇಳಿದರೆ ಮಾತು ನೇರ ಬಿಡಿಭಾಗಕ್ಕೆ ಹೋಗುತ್ತದೆ. ಪರದೆಯೇ ಬರದಿದ್ದರೆ ಪವರ್ ಬಟನ್ ನೋಡಿ. ಆಪ್ಟಿಪ್ಲೆಕ್ಸ್‌ಗಳಲ್ಲಿ ಹಳದಿ ದೀಪ 2 ಸಲ, ಬಿಟ್ಟು 3 ಸಲ ಮಿನುಗಿದರೆ ರ‍್ಯಾಮ್ ಕಾಣಿಸುತ್ತಿಲ್ಲ ಎಂದರ್ಥ. 2-4 ಬಂದರೆ ರ‍್ಯಾಮ್ ಕೆಟ್ಟಿದೆ, 2-1 ಬಂದರೆ ಪ್ರೊಸೆಸರ್.

ಇನ್ನೊಂದು, ನಿಮ್ಮಂಥ ಆಫೀಸಿಗೆ ಬಹಳ ಮುಖ್ಯ. ವಾರಂಟಿಯಲ್ಲಿ ಡ್ರೈವ್ ಬದಲಿಸಿದರೆ ಹಳೆಯದು ಕಂಪನಿಗೆ ವಾಪಸ್ ಹೋಗುತ್ತದೆ. ಅದರಲ್ಲಿ ಕಕ್ಷಿದಾರರ ಪ್ಯಾನ್, ಬ್ಯಾಂಕ್ ವಿವರ ಎಲ್ಲ ಇರುತ್ತದಲ್ಲ? ಕೆಟ್ಟ ಡ್ರೈವನ್ನು ನಿಮ್ಮಲ್ಲೇ ಇಟ್ಟುಕೊಳ್ಳಲು ಬೇರೆ ಪ್ಲಾನ್ ಇದೆ. ಡೆಲ್ ಅದಕ್ಕೆ ಕೀಪ್ ಯುವರ್ ಹಾರ್ಡ್ ಡ್ರೈವ್ ಅನ್ನುತ್ತದೆ, ಎಚ್‌ಪಿ ಡಿಫೆಕ್ಟಿವ್ ಮೀಡಿಯಾ ರಿಟೆನ್ಷನ್ ಅನ್ನುತ್ತದೆ. ಅದು ಬೇಡ ಅನಿಸಿದರೆ ಕನಿಷ್ಠ ಬಿಟ್‌ಲಾಕರ್ (ಡ್ರೈವಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿ, ರಿಕವರಿ ಕೀ ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ.

ಇಪ್ಪತ್ನಾಲ್ಕು_ಪಿನ್

ಸರ್ವಿಸ್ ಬಗ್ಗೆ ಸ್ವಾಮಿಗಳು ಹೇಳಿದ್ದು ಸರಿ. ಅಪ್‌ಗ್ರೇಡ್ ವಿಷಯದಲ್ಲಿ ಮಾತ್ರ ಬ್ರಾಂಡೆಡ್ ಆಫೀಸ್ ಯಂತ್ರಗಳಿಗೆ ಒಂದು ಗೋಡೆಯಿದೆ: ಪವರ್ ಸಪ್ಲೈ.

ಅಂಗಡಿಯಲ್ಲಿ ಸಿಗುವ ಮಾಮೂಲಿ ಎಟಿಎಕ್ಸ್ ಅಳತೆಯ ಪವರ್ ಸಪ್ಲೈನಲ್ಲಿ (ಎಸ್‌ಎಂಪಿಎಸ್) ಮದರ್‌ಬೋರ್ಡಿಗೆ ಹೋಗುವ ಪ್ಲಗ್ 24 ಪಿನ್ನಿನದು. ಈ ಯಂತ್ರಗಳಲ್ಲಿ ಹಾಗಿಲ್ಲ, ಕಂಪನಿಗೊಂದು ತರ. ಲೆನೊವೊದಲ್ಲಿ 10 ಪಿನ್, ಡೆಲ್‌ನಲ್ಲಿ 6 ಅಥವಾ 8 ಪಿನ್, ಎಚ್‌ಪಿಯದು ಇನ್ನೊಂದು ಬಗೆ. ಸಪ್ಲೈ 12 ವೋಲ್ಟ್ ಮಾತ್ರ ಕೊಡುತ್ತದೆ, 5 ಮತ್ತು 3.3 ವೋಲ್ಟನ್ನು ಬೋರ್ಡೇ ಮಾಡಿಕೊಳ್ಳುತ್ತದೆ. ಹಾರ್ಡ್ ಡಿಸ್ಕಿಗೆ ಕರೆಂಟ್ ಕೂಡ ಬೋರ್ಡಿನ ಸಣ್ಣ ಸಾಕೆಟ್‌ನಿಂದಲೇ. ವಿದ್ಯುತ್ ಉಳಿತಾಯಕ್ಕೆ ಇದು ಒಳ್ಳೆಯ ವಿನ್ಯಾಸ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ವಾರಂಟಿ ಮುಗಿದ ಮೇಲೆ ಸಪ್ಲೈ ಸುಟ್ಟರೆ ಪಕ್ಕದ ಅಂಗಡಿಯದು ತಂದು ಹಾಕಲಾಗದು, ಅದೇ ಪಾರ್ಟ್ ನಂಬರಿನದು ಹುಡುಕಬೇಕು.

ಗ್ರಾಫಿಕ್ಸ್ ಕಾರ್ಡಿನ ಲೆಕ್ಕ ಹೀಗೆ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ನಿಂದ ಸಿಗುವುದು ಗರಿಷ್ಠ 75 ವ್ಯಾಟ್. ಕಡಿಮೆ ದರದ ಟವರ್‌ಗಳಲ್ಲಿ ಬರುವುದು 180 ವ್ಯಾಟ್ ಸಪ್ಲೈ, ಕಾರ್ಡಿಗೆ ಪ್ರತ್ಯೇಕ 6 ಅಥವಾ 8 ಪಿನ್ ವೈರ್ ಇರುವುದಿಲ್ಲ. ಐ5-12400 ಪ್ರೊಸೆಸರಿಗೆ 65 ವ್ಯಾಟ್ ಅಂತ ಬರೆದಿದ್ದರೂ ವೇಗ ತಾನೇ ಏರಿಸಿಕೊಂಡಾಗ (ಟರ್ಬೊ) ಇಂಟೆಲ್ ಕೊಟ್ಟ ಮಿತಿ 117 ವ್ಯಾಟ್. 117 ಮತ್ತು 75 ಕೂಡಿ, 180ಕ್ಕೆ ಹೋಲಿಸಿ. ವಿಡಿಯೊ ರೆಂಡರ್ ಮಾಡುವಾಗ ಎರಡೂ ಒಟ್ಟಿಗೆ ದುಡಿಯುತ್ತವೆ, ಯಂತ್ರ ಸದ್ದಿಲ್ಲದೆ ಆರಿಹೋಗುತ್ತದೆ. ಜನ ಆಗ ವಿಂಡೋಸ್ ಬೈದುಕೊಂಡು ಫಾರ್ಮ್ಯಾಟ್ ಮಾಡುತ್ತಾರೆ. ಆದ್ದರಿಂದ ಕಾರ್ಡ್ ಬರುವ ಯಂತ್ರಕ್ಕೆ 260 ವ್ಯಾಟ್ ಅಥವಾ ಅದಕ್ಕಿಂತ ದೊಡ್ಡ ಸಪ್ಲೈಯನ್ನು ಆರ್ಡರ್ ಮಾಡುವಾಗಲೇ ಬರೆಸಿ. ಬೇರೆ ವೈರ್ ಬೇಡದ ಕಾರ್ಡ್‌ಗಳಲ್ಲಿ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ 70 ವ್ಯಾಟಿನದು. 8 ಜಿಬಿಯ 3050 ಬೇರೆಯೇ ಕಾರ್ಡು, ಅದಕ್ಕೆ ವೈರ್ ಬೇಕು. ಹೆಸರು ನೋಡಿ ಮೋಸಹೋಗಬೇಡಿ.

ಪುಟ್ಟ ಡಬ್ಬಿಗಳ ಆಸೆ ಬಿಡಿ. ಸ್ಮಾಲ್ ಫಾರ್ಮ್ ಫ್ಯಾಕ್ಟರ್ ಕ್ಯಾಬಿನೆಟ್‌ಗೆ ಗಿಡ್ಡ ಪಟ್ಟಿಯ ಲೋ ಪ್ರೊಫೈಲ್ ಕಾರ್ಡೇ ಆಗಬೇಕು. ಮೈಕ್ರೊ, ಟೈನಿ, ಮಿನಿ ಡೆಸ್ಕ್‌ಟಾಪ್‌ಗಳಲ್ಲಿ ಲ್ಯಾಪ್‌ಟಾಪ್ ರ‍್ಯಾಮ್, ಹೊರಗೆ ಅಡಾಪ್ಟರು. ಟವರ್ ತಗೊಳ್ಳಿ.

ಕೊಳ್ಳುವ ಮೊದಲು ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಡೌನ್‌ಲೋಡ್ ಮಾಡಿ. ಮೂರೂ ಕಂಪನಿಗಳು ಉಚಿತವಾಗಿ ಕೊಡುತ್ತವೆ. ರ‍್ಯಾಮ್ ಸ್ಲಾಟ್ 2 ಇದೆಯೋ 4 ಇದೆಯೋ, ರ‍್ಯಾಮ್ ಬಗೆ ಡಿಡಿಆರ್4 ಅಥವಾ ಡಿಡಿಆರ್5, ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಎಷ್ಟು, ಸಪ್ಲೈ ಎಷ್ಟು ವ್ಯಾಟ್, ಎಲ್ಲ ಅದರಲ್ಲೇ ಸಿಗುತ್ತದೆ. 16 ಜಿಬಿ ಬೇಕಾದರೆ 16ರ ಒಂದೇ ರ‍್ಯಾಮ್ ಪಟ್ಟಿ ಹಾಕಿಸಿ, 8+8 ಬೇಡ. ಒಂದು ಸ್ಲಾಟ್ ಖಾಲಿ ಉಳಿಯುತ್ತದೆ. ಎರಡು ಪಟ್ಟಿಯಿದ್ದರೆ ಒಳಗಿನ ಗ್ರಾಫಿಕ್ಸ್ ತುಸು ಚುರುಕು, ಆದರೆ ಟ್ಯಾಲಿಗೆ ಅದರಿಂದ ಏನೂ ಆಗಬೇಕಿಲ್ಲ.

ಎಸ್‌ಪಿ_ರೋಡ್_ಗಿರಾಕಿ

ಎಡಿಟಿಂಗ್ ಯಂತ್ರವನ್ನು ಬ್ರಾಂಡೆಡ್‌ನಲ್ಲಿ ತಿಣುಕಾಡಿಸುವುದು ಯಾಕೆ? ಅದೊಂದನ್ನು ಅಸೆಂಬಲ್ ಮಾಡಿಸಿ. ಎಎಂಡಿ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್‌ನ ಬಿ650 ಬೋರ್ಡ್, ರೈಜೆನ್ 7600, 16 ಜಿಬಿಯ ಡಿಡಿಆರ್5 ಎರಡು ಪಟ್ಟಿ, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಒಳ್ಳೆ ಹೆಸರಿನ 550 ಅಥವಾ 650 ವ್ಯಾಟ್ ಸಪ್ಲೈ. ಎಎಂ5ಗೆ 2027 ಮತ್ತು ಅದರಾಚೆಗೂ ಬೆಂಬಲ ಕೊಡುತ್ತೇವೆ ಎಂದು ಎಎಂಡಿ ಹೇಳಿದೆ, ಅಂದರೆ ಬೋರ್ಡ್ ಅದೇ ಇಟ್ಟು ಪ್ರೊಸೆಸರ್ ಬದಲಿಸಬಹುದು. ಇಂಟೆಲ್‌ನ 12, 13, 14ನೇ ತಲೆಮಾರಿಗೆ ಒಂದೇ ಸಾಕೆಟ್ ಇತ್ತು, 2024ರ ಕೋರ್ ಅಲ್ಟ್ರಾದಿಂದ ಅದೂ ಬದಲಾಯಿತು.

ಎಡವುವುದು ಮೂರು ಕಡೆ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇರುವ ಪ್ರೊಸೆಸರ್ ಕೊಂಡರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಪರದೆ ಬರುವುದಿಲ್ಲ. ಹಳೆ ಬಯೋಸ್‌ನ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಬಿ650 ಬೋರ್ಡಿಗೆ ರೈಜೆನ್ 9000 ಹಾಕಿದರೂ ಪರದೆ ಕಪ್ಪು, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ ಅಪ್‌ಡೇಟ್ ಆಗುವ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ನೋಡಿ. ಮೂರನೆಯದು ತಮಾಷೆಯದು. ಎಎಂ5ನಲ್ಲಿ ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ರ‍್ಯಾಮ್‌ನ ಜತೆ ಹೊಂದಿಕೊಳ್ಳುತ್ತ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತದೆ. ಸತ್ತಿದೆ ಅಂದುಕೊಂಡು ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ.

ಸರ್ವಿಸ್ ಮಾತ್ರ ನಿಮ್ಮ ಹೆಗಲಿಗೆ, ಅದನ್ನು ಮುಚ್ಚಿಡುವುದಿಲ್ಲ. ಒಂದೊಂದು ಭಾಗಕ್ಕೆ ಒಂದೊಂದು ವಾರಂಟಿ. ಬಾಕ್ಸ್ ಪ್ರೊಸೆಸರಿಗೆ 3 ವರ್ಷ, ಬೋರ್ಡಿಗೆ ಸಾಮಾನ್ಯವಾಗಿ 3, ಎಸ್‌ಎಸ್‌ಡಿಗೆ 3ರಿಂದ 5. ಯಾವುದು ಕೆಟ್ಟಿದೆ ಎಂದು ಕಂಡುಹಿಡಿದು ಆಯಾ ಸರ್ವಿಸ್ ಸೆಂಟರ್‌ಗೆ ಒಯ್ಯುವುದು ನೀವು ಅಥವಾ ನಿಮ್ಮ ಅಂಗಡಿಯವರು. ಶಿವಮೊಗ್ಗದಿಂದ ಬೆಂಗಳೂರು ಸುಮಾರು 300 ಕಿ.ಮೀ. ಅಲ್ಲಿನ ಕಂಪ್ಯೂಟರ್ ಮಾರುಕಟ್ಟೆ ಎಸ್‌ಪಿ ರೋಡ್‌ನಲ್ಲಿ ನಾಲ್ಕು ಕಾಸು ಉಳಿಸಿ ತಂದ ಬೋರ್ಡ್ ಕೆಟ್ಟಾಗ ಆ ದೂರ ನೆನಪಾಗುತ್ತದೆ. ಊರಲ್ಲೇ ಅಂಗಡಿಯವರು ಓಡಾಡುವುದಾದರೆ ತುಸು ಹೆಚ್ಚು ಕೊಟ್ಟು ಅವರಲ್ಲೇ ಕೊಳ್ಳಿ.

ಲೆಕ್ಕದ_ಪುಸ್ತಕ

ಎಲ್ಲರಿಗೂ ಧನ್ಯವಾದ. ಎರಡು ಅನುಮಾನ. 24 ಪಿನ್‌ನಿಂದ 10 ಪಿನ್‌ಗೆ ಅಡಾಪ್ಟರ್ ವೈರ್ ಆನ್‌ಲೈನ್‌ನಲ್ಲಿ ಕಾಣಿಸುತ್ತಿದೆ, ಅದನ್ನು ಹಾಕಿ ಮಾಮೂಲಿ ಎಸ್‌ಎಂಪಿಎಸ್ ಬಳಸಬಹುದಲ್ಲ? ಮತ್ತೆ, ಕ್ಯಾಬಿನೆಟ್ ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದು ಒಬ್ಬ ಡೀಲರ್ ಹೆದರಿಸಿದರು. ಹೌದಾ?

ಇಪ್ಪತ್ನಾಲ್ಕು_ಪಿನ್

ಅಡಾಪ್ಟರ್ ಕೊನೆಯ ದಾರಿ. ಎಟಿಎಕ್ಸ್ ಸಪ್ಲೈ ಆಫ್ ಇದ್ದಾಗ ಕೊಡುವ ಸ್ಟ್ಯಾಂಡ್‌ಬೈ 5 ವೋಲ್ಟ್. ಈ ಬೋರ್ಡ್‌ಗಳು ಕಾಯುವುದು 12 ವೋಲ್ಟ್ ಆಸುಪಾಸಿಗೆ. ಆ 5ನ್ನು ಏರಿಸುವ ಪುಟ್ಟ ಸರ್ಕ್ಯೂಟ್ ಅಡಾಪ್ಟರ್‌ನಲ್ಲಿ ಇರಬೇಕು. ಬರೀ ವೈರ್ ಜೋಡಿಸಿದ ಅಗ್ಗದವುಗಳಲ್ಲಿ ಯಂತ್ರ ಆನ್ ಆಗದು, ಅಥವಾ ನಿದ್ದೆಗೆ ಹೋದದ್ದು ಏಳದು. ಆಕಾರವೂ ಅಡ್ಡಿ: ಎಟಿಎಕ್ಸ್ ಡಬ್ಬಿ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ. ಎಷ್ಟೋ ಬ್ರಾಂಡೆಡ್ ಕ್ಯಾಬಿನೆಟ್‌ನಲ್ಲಿ ಆ ಗೂಡೇ ಇಲ್ಲ. ವಾರಂಟಿ ಇರುವಾಗಂತೂ ಮುಟ್ಟಬೇಡಿ.

ಸ್ಕ್ರೂಡ್ರೈವರ್_ಸ್ವಾಮಿ

ಬಿಚ್ಚಿದ ಮಾತ್ರಕ್ಕೆ ಹೋಗುವುದಿಲ್ಲ. ರ‍್ಯಾಮ್, ಎಸ್‌ಎಸ್‌ಡಿ ಹಾಕುವ ಕ್ರಮವನ್ನು ಕಂಪನಿಯವರೇ ಮ್ಯಾನ್ಯುಯಲ್‌ನಲ್ಲಿ ಚಿತ್ರ ಸಮೇತ ಕೊಟ್ಟಿರುತ್ತಾರಲ್ಲ. ಆದರೆ ನೀವು ಸೇರಿಸಿದ ಭಾಗಕ್ಕೆ ಅವರ ವಾರಂಟಿ ಇಲ್ಲ, ನಿಮ್ಮ ಕೈಯಿಂದ ಮುರಿದದ್ದಕ್ಕೂ ಇಲ್ಲ. ಎಂಜಿನಿಯರ್ ಬರುವ ದಿನ ಸೇರಿಸಿದ ರ‍್ಯಾಮ್ ತೆಗೆದು ಮೂಲದ್ದೊಂದನ್ನೇ ಬಿಡಿ, ದೋಷ ನಿಮ್ಮ ರ‍್ಯಾಮ್‌ದು ಎಂಬ ವಾದಕ್ಕೆ ಎಡೆಯಿರುವುದಿಲ್ಲ.

ಎರಡನೇ ಎಸ್‌ಎಸ್‌ಡಿ ಹಾಕುವಾಗ ಒಂದು ಸಣ್ಣ ಕಾಟ. ಖಾಲಿ ಎಂ.2 ಸ್ಲಾಟಿನ ಆ ತುದಿಯಲ್ಲಿ ಸ್ಕ್ರೂ ಇಲ್ಲದೆ ಬರುವ ಬೋರ್ಡ್‌ಗಳು ಬಹಳ. ಬೇಕಾದ್ದು ಸಾಮಾನ್ಯವಾಗಿ 2 ಮಿ.ಮೀ. ದಪ್ಪ, 3 ಮಿ.ಮೀ. ಉದ್ದದ ಸ್ಕ್ರೂ. ಎಸ್‌ಎಸ್‌ಡಿಯನ್ನು ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ ತಳ್ಳಿ, ಚಿನ್ನದ ಬಣ್ಣದ ಹಲ್ಲು ಪೂರ್ತಿ ಒಳಗೆ ಹೋದ ಮೇಲೆ ಬಗ್ಗಿಸಿ ಸ್ಕ್ರೂ ಹಾಕಿ. ಬ್ಯಾಕಪ್‌ಗೆ ದೊಡ್ಡ ಹಾರ್ಡ್ ಡಿಸ್ಕ್ ಸೇರಿಸುವುದಿದ್ದರೆ ಅದರ ಟ್ರೇ ಮತ್ತು ಪವರ್ ವೈರ್ ಕೂಡ ಮೊದಲೇ ಕೇಳಿ. ಎಸ್‌ಎಸ್‌ಡಿ ಮಾತ್ರ ಇರುವ ಮಾಡೆಲ್‌ಗಳಲ್ಲಿ ಅವೆರಡೂ ಇರುವುದಿಲ್ಲ, ಆ ವೈರ್ ಅಂಗಡಿಯಲ್ಲಿ ಸಿಗುವಂಥದ್ದೂ ಅಲ್ಲ.

ಹೊಸ ವಿಂಡೋಸ್ ಹಾಕುವಾಗ ಡ್ರೈವೇ ಕಾಣದಿದ್ದರೆ ಡ್ರೈವ್ ಕೆಟ್ಟಿದೆ ಎಂದೇ ಅಲ್ಲ. ಹೆಚ್ಚಾಗಿ ಬಯೋಸ್‌ನಲ್ಲಿ ಸ್ಟೋರೇಜ್ ಬಗೆ 'ರೇಡ್ ಆನ್' ಎಂದಿರುತ್ತದೆ. ಇಂಟೆಲ್ ಆರ್‌ಎಸ್‌ಟಿ ಡ್ರೈವರನ್ನು ಪೆನ್‌ಡ್ರೈವ್‌ನಿಂದ ತೋರಿಸಿ, ಇಲ್ಲವೇ ಆ ಬಗೆಯನ್ನು ಎಎಚ್‌ಸಿಐಗೆ ಬದಲಿಸಿ. ಈಗಾಗಲೇ ಓಡುತ್ತಿರುವ ವಿಂಡೋಸ್‌ನಲ್ಲಿ ಮಾತ್ರ ಸುಮ್ಮನೆ ಬದಲಿಸಬೇಡಿ, ನೀಲಿ ಪರದೆ ಬರುತ್ತದೆ.

ಮಲೆನಾಡ_ಮಿಂಚು

ಯಾರೂ ಅರ್ಥಿಂಗ್ ಎತ್ತಲಿಲ್ಲ. ಸಿಡಿಲು, ಹೈವೋಲ್ಟೇಜ್‌ನಿಂದ ಸುಟ್ಟದ್ದಕ್ಕೆ ಮಾಮೂಲಿ ವಾರಂಟಿಯಲ್ಲಿ ಜಾಗವಿಲ್ಲ, 3-3-3 ಇದ್ದರೂ. ಮಲ್ಟಿಮೀಟರ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆಯಿರಿ. 2-3 ವೋಲ್ಟ್ ದಾಟಿದರೆ ಯಂತ್ರ ಬರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಗುಡುಗು ಬಂದಾಗ ಪ್ಲಗ್ ಕಿತ್ತರೂ ನೆಟ್‌ವರ್ಕ್ ಕೇಬಲ್ ಬಿಟ್ಟಿರುತ್ತಾರೆ, ಬೋರ್ಡ್ ಸುಡುವುದು ಆ ದಾರಿಯಿಂದಲೂ. 600 ವಿಎ ಯುಪಿಎಸ್ ಎಂದರೆ ಸುಮಾರು 360 ವ್ಯಾಟ್. ಆಫೀಸ್ ಟವರ್ ಮತ್ತು ಮಾನಿಟರಿಗೆ ಸಾಕು, ಎಡಿಟಿಂಗ್ ಯಂತ್ರಕ್ಕೆ ಸಾಲದು.

ಲೆಕ್ಕದ_ಪುಸ್ತಕ

ಹಾಗಾದರೆ 5 ಟವರ್ 3-3-3 ವಾರಂಟಿಯಲ್ಲಿ, ಪಿನ್‌ಕೋಡ್ ವಿಚಾರಿಸಿ ಯಾರು ಊರಲ್ಲೇ ಇದ್ದಾರೋ ಅವರದು. ಒಂದು ಅಸೆಂಬಲ್ಡ್, ಇಲ್ಲಿನ ಅಂಗಡಿಯಲ್ಲೇ. ಐದೂ ಒಂದೇ ಮಾಡೆಲ್ ಇರಲೋ?

ಸ್ಕ್ರೂಡ್ರೈವರ್_ಸ್ವಾಮಿ

ಒಂದೇ ಇರಲಿ. ವಾರಂಟಿ ಮುಗಿದ ಮೇಲೆ ಒಂದು ಸತ್ತರೆ ಅದರ ಸಪ್ಲೈ, ರ‍್ಯಾಮ್ ಉಳಿದ ನಾಲ್ಕಕ್ಕೆ ಆಗುತ್ತದೆ. ಬಿಲ್‌ನಲ್ಲಿ ಐದೂ ಸೀರಿಯಲ್ ನಂಬರ್ ಮತ್ತು ನಿಮ್ಮ ಜಿಎಸ್‌ಟಿ ನಂಬರ್ ಬರೆಸಿ. ಬಂದ ದಿನವೇ ಒಂದೊಂದನ್ನೂ ಕಂಪನಿ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಶುರುವಾದ ದಿನಾಂಕ ನೋಡಿ. ಡೀಲರ್ ಗೋಡೌನಿನಲ್ಲಿ ನಾಲ್ಕು ತಿಂಗಳು ಕೂತ ಡಬ್ಬಿಯಾದರೆ ಆ ನಾಲ್ಕು ತಿಂಗಳು ಆಗಲೇ ಕಳೆದಿರುತ್ತದೆ. ಬಿಲ್ ಕಳಿಸಿ ದಿನಾಂಕ ತಿದ್ದಿಸಲು ಕೇಳಿ.