ಲಸಿಕೆ ಕೊಟ್ಟರೂ ಗಿರಿರಾಜ ಕೋಳಿ ಸಾಯುತ್ತಿವೆ, ಯಾಕೆ?

ಪ್ರಶ್ನೆ (ಸಕಲೇಶಪುರ): ನಮಸ್ಕಾರ ಡಾಕ್ಟ್ರೇ. ತೋಟದ ಮನೆ ಹಿಂದೆ ಗಿರಿರಾಜ ಸಾಕಿದ್ದೇನೆ. ಮೊದಲ ವಾರ ಕೊಕ್ಕರೆ ರೋಗಕ್ಕೆ ಲಾಸೋಟಾ ಲಸಿಕೆ ಆಯಿತು. ಗುಂಬೊರೊ ಅನ್ನೋ ಇನ್ನೊಂದು ರೋಗದ ಲಸಿಕೆ ಬೇಡ ಅಂತ ಮರಿ ಕೊಟ್ಟವರೇ ಹೇಳಿದ್ದರು. ನಾಲ್ಕನೇ ವಾರ ಮರಿಗಳು ಮುದುಡಿ ಕೂತವು, ಬಿಳಿ ಭೇದಿ, ಕೆಲವು ಸತ್ತವು. ಉಳಿದವು ಚೇತರಿಸಿಕೊಂಡ ಮೇಲೆ ಲಾಸೋಟಾ ಬೂಸ್ಟರ್ ನೀರಲ್ಲಿ ಕೊಟ್ಟೆ. ಈಗ ಹಸಿರು ಭೇದಿ, ಕತ್ತು ತಿರುಚಿಕೊಂಡು ಸಾಯುತ್ತಿವೆ. ಲಸಿಕೆ ಡೂಪ್ಲಿಕೇಟ್ ಅಲ್ವಾ?

ಪಶುವೈದ್ಯರ ಉತ್ತರ: ಲಸಿಕೆಯನ್ನು ಆಮೇಲೆ ಬೈಯೋಣ. ಈಗಿನದು ಕೊಕ್ಕರೆ ರೋಗದಂತೆಯೇ ಕಾಣುತ್ತದೆ, ಆದರೆ ಲಸಿಕೆ ಯಾಕೆ ನಾಟಲಿಲ್ಲ? ನನಗೆ ಅನುಮಾನ ಆ ನಾಲ್ಕನೇ ವಾರದ ಮೇಲೆ. ಅದು ಗುಂಬೊರೊ ಇದ್ದಂತಿದೆ. ಮೂರರಿಂದ ಆರು ವಾರದ ಮರಿಗಳಿಗೇ ಅದು ಜಾಸ್ತಿ ಬರುವುದು.

ಕೋಳಿಯ ಗುದದ್ವಾರದ ಮೇಲ್ಭಾಗದಲ್ಲಿ, ಒಳಗಡೆ, ಬರ್ಸಾ ಅಂತ ಒಂದು ಸಣ್ಣ ಚೀಲ ಇರುತ್ತದೆ. ನಮಗೆ ಅದಿಲ್ಲ. ರೋಗದ ವಿರುದ್ಧ ಪ್ರತಿಕಾಯ ತಯಾರಿಸುವ ಬಿ ಕಣಗಳು ಪಳಗುವುದು ಅಲ್ಲೇ. ಗುಂಬೊರೊ ವೈರಸ್ ಹುಡುಕಿಕೊಂಡು ಹೋಗಿ ಕೊಲ್ಲುವುದು ಅದೇ ಕಣಗಳನ್ನು. ಮರಿ ಬದುಕಿ ಉಳಿದರೂ ಬರ್ಸಾ ಹಾಳಾಗಿರುತ್ತದೆ. ಆಮೇಲೆ ಎಂಥಾ ಒಳ್ಳೆ ಲಸಿಕೆ ಕೊಟ್ಟರೂ ಪ್ರತಿಕಾಯ ಸರಿಯಾಗಿ ಹುಟ್ಟುವುದಿಲ್ಲ. ಲಸಿಕೆ ಬರೀ ಬೀಜ, ನೆಲ ಸುಟ್ಟಿದ್ದರೆ ಮೊಳಕೆ ಎಲ್ಲಿಂದ ಬರಬೇಕು?

ನೀರಲ್ಲಿ ಕೊಡುವಾಗಲೂ ಎಡವಟ್ಟಾಗುತ್ತದೆ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಲಸಿಕೆಯ ಜೀವಂತ ವೈರಸ್ ಸತ್ತೇ ಹೋಗುತ್ತದೆ. ಕಡಿಮೆ ಕೋಳಿ ಇದ್ದವರು ಕಣ್ಣಿಗೆ ಹನಿ ಹಾಕುವುದೇ ಮೇಲು. ಕೋಳಿಯ ಕಣ್ಣುಗುಡ್ಡೆ ಹಿಂದೆ ಒಂದು ಗ್ರಂಥಿ ಇದೆ, ಕಣ್ಣು ಮೂಗಿನ ದಾರಿಯಲ್ಲೇ ವೈರಸ್ಸನ್ನು ತಡೆಯುವ ಪ್ರತಿಕಾಯ ಅಲ್ಲಿ ತಯಾರಾಗುತ್ತದೆ.

ಈಗ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಸುಮ್ನೆ ಸುರಿಯಬೇಡಿ, ವೈರಸ್ಸಿಗೆ ಅದು ನಾಟುವುದಿಲ್ಲ. ಹಕ್ಕಿಜ್ವರದಲ್ಲೂ ಹೀಗೇ ಕಾಣಬಹುದು, ಅದಕ್ಕೇ ಸತ್ತ ಕೋಳಿಯನ್ನು ಬರಿಗೈಲಿ ಮುಟ್ಟಬೇಡಿ, ನೀವೇ ಕೊಯ್ದು ನೋಡಲೂ ಬೇಡಿ. ಇವತ್ತೇ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ. ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕಳಿಸಬೇಕಾದರೆ ಹೇಗೆ ಅಂತ ಅವರೇ ಹೇಳುತ್ತಾರೆ. ಬರ್ಸಾ ನೋಡಿದರೆ ಅರ್ಧ ಕಥೆ ತಿಳಿಯುತ್ತದೆ.

ಮೂಡಿಗೆರೆಯಿಂದ ಇನ್ನೊಬ್ಬರು: ಸರ್, ನಮ್ಮಲ್ಲೂ ಕೋಳಿ ಸತ್ತಿದ್ದವು, ಜೊತೆಗಿದ್ದ ಬಾತುಕೋಳಿಗೆ ಏನೂ ಆಗಲಿಲ್ಲ. ಅದಕ್ಕೆ ಶಕ್ತಿ ಜಾಸ್ತಿನಾ?

ಪಶುವೈದ್ಯರು: ಒಳ್ಳೆ ಪ್ರಶ್ನೆ. ಕೊಕ್ಕರೆ ರೋಗವನ್ನು ಬಾತು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಹಕ್ಕಿಜ್ವರದ ವಿಷಯದಲ್ಲಿ ಒಂದು ಕಾರಣ 2010ರಲ್ಲಿ ಗೊತ್ತಾಯಿತು. ಕಣದೊಳಗೆ ನುಗ್ಗಿದ ವೈರಸ್ಸನ್ನು ಗುರುತಿಸಿ ಕೂಗು ಹಾಕುವ ರಿಗ್-ಐ ಎಂಬ ಜೀನ್ ಬಾತಿನಲ್ಲಿದೆ, ಕೋಳಿಯಲ್ಲಿ ಇಲ್ಲವೇ ಇಲ್ಲ. ಹಾಗಂತ ಖುಷಿಪಡಬೇಡಿ. ಚೆನ್ನಾಗಿ ಓಡಾಡಿಕೊಂಡಿರುವ ಬಾತೇ ಹಿಕ್ಕೆಯಲ್ಲಿ ವೈರಸ್ ಚೆಲ್ಲುತ್ತಾ ಇರಬಹುದು. ಎರಡನ್ನೂ ಒಂದೇ ಗೂಡಲ್ಲಿ ಕೂಡಬೇಡಿ, ನೀರಿನ ಪಾತ್ರೆಯೂ ಬೇರೆ ಇರಲಿ.