ಫೈಬ್ರೊಮಯಾಲ್ಜಿಯಾ ನೋವಿಗೆ ಟಿಎಂಎಸ್ ಮಾಡಿಸಬಹುದಾ?

ಪ್ರಶ್ನೆ (ಹುಬ್ಬಳ್ಳಿ): ಅವ್ವನಿಗೆ ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲಾ ಬಹುಕಾಲ ನೋಯುವ ಕಾಯಿಲೆ. ರಕ್ತಪರೀಕ್ಷೆ ಎಲ್ಲಾ ನಾರ್ಮಲ್, ಆದರೆ ರೊಟ್ಟಿ ಬಡಿಯಲು ಕೂತರೆ ಭುಜ ಹಿಡಿದುಕೊಂಡು ಎದ್ದುಬಿಡುತ್ತಾಳೆ, ರಾತ್ರಿ ನಿದ್ದೆಯೂ ಇಲ್ಲ. ಟಿಎಂಎಸ್ ಅಂದರೆ ತಲೆಗೆ ಕರೆಂಟ್ ಶಾಕ್ ಕೊಡುವುದಾ? ತುಂಬಾ ಹೆದರಿದ್ದಾಳೆ.

ಉತ್ತರ (ಧಾರವಾಡ): ಶಾಕ್ ಅಲ್ಲರೀ, ಟಿಎಂಎಸ್ (ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಶನ್) ಅಂದರೆ ಕಾಂತದಿಂದ ಮಿದುಳನ್ನು ಪ್ರಚೋದಿಸುವ ಚಿಕಿತ್ಸೆ. ಅರಿವಳಿಕೆ ಇಲ್ಲ, ಎಚ್ಚರವಾಗಿಯೇ ಕುರ್ಚಿಯಲ್ಲಿ ಕೂರಿಸಿ ತಲೆಗೆ ಕಾಯಿಲ್ (ತಂತಿಯ ಸುರುಳಿ) ತಾಗಿಸಿ ಹಿಡಿಯುತ್ತಾರೆ, ಟಕ್ ಟಕ್ ಸದ್ದು ಬರುತ್ತದೆ, ಅದರ ಕಾಂತಕ್ಷೇತ್ರ ಮಿದುಳಿನ ಸಣ್ಣದೊಂದು ಭಾಗವನ್ನು ಪ್ರಚೋದಿಸುತ್ತದೆ. ಕೆಲವರಿಗೆ ಆಮೇಲೆ ತಲೆನೋವು. ಫಿಟ್ಸ್ ಇದ್ದರೆ, ತಲೆಯೊಳಗೆ ಲೋಹದ ಕ್ಲಿಪ್ ಇದ್ದರೆ ಮೊದಲೇ ಹೇಳಿ.

ಉತ್ತರ (ಗದಗ): ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟಿಎಂಎಸ್ ಅನ್ನು 2008ರಲ್ಲಿ ಒಪ್ಪಿದ್ದು ಖಿನ್ನತೆಗೆ, ಈ ನೋವಿಗಲ್ಲ. ಕೆಲವರಿಗೆ ನೋವು ಇಳಿದಿದೆ, ಎಲ್ಲರಿಗೂ ಅಲ್ಲ. ವಾರಗಟ್ಟಲೆ ಹೆಚ್ಚುಕಡಿಮೆ ದಿನಾ ಹೋಗಬೇಕು, ಖರ್ಚು ಓಡಾಟ ಎಲ್ಲಾ ನೋಡಿಕೊಳ್ಳಿ. ನಡಿಗೆ ಮಾತ್ರ ಬಿಡಿಸಬೇಡಿ, ನಿಧಾನಕ್ಕೆ ಜಾಸ್ತಿ ಮಾಡಿಸಿ.

ಹುಬ್ಬಳ್ಳಿ: ಅವ್ವನಿಗೆ ಓದಿ ಹೇಳಿದೆ, ಸ್ವಲ್ಪ ಧೈರ್ಯ ಬಂತು. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವಿಚಾರಿಸುತ್ತೇನೆ.